ಅಯ್ಯನವರಿಲ್ಲದ ಶನಿವಾರ

ಆ ಶನಿವಾರ ಬೆಳಗ್ಗೆ ರೆವರೆಂಡ್ ಸತ್ಯಮಿತ್ರ ಅಯ್ಯನವರು ಒಂದು ಮಾತು ಹೇಳದೆ ಹೊರಟುಬಿಟ್ಟಿದ್ದರೆ ಜೀವರತ್ನನ ದಿನ ಸಲೀಸಾಗಿ ಕಳೆಯುತ್ತಿತ್ತು. ಆದರೆ ಹೇಳಿದರು. ಅದೂ ಆಟೋ ಹತ್ತಿ ಕೂತ ಮೇಲೆ, ತಲೆಯನ್ನು ಹೊರಗೆ ಹಾಕಿ.

"ಜೀವಾ, ಇವತ್ತು ಒಬ್ರು ಬಂದು ನಿನ್ನ ಮುಂದೆ ನಾಟಕ ಆಡ್ತಾರೆ. ದೊಡ್ಡ ಸಮಸ್ಯೆ ಅಂತ ಬರ್ತಾರೆ, ಆದ್ರೆ ಅದು ಬರೀ ಸುಳ್ಳು. ನಾನೇ ಹೇಳಿ ಕಳಿಸಿರೋದು. ನೀನು ಹೆಂಗೆ ನಡ್ಕೊಂಡೆ ಅಂತ ಸಂಜೆ ಕಮಿಟಿ ಮುಂದೆ ಅವರೇ ಹೇಳ್ತಾರೆ. ಇದೇ ನಿನ್ನ ಕೊನೇ ಪರೀಕ್ಷೆ."

"ಯಾರು ಬರ್ತಾರೆ ಅಯ್ಯನವರೇ?"

"ಅದನ್ನೂ ಹೇಳ್ಬಿಟ್ರೆ ಪರೀಕ್ಷೆ ಎಲ್ಲಿ ಬಂತು? ನಡಿಯಪ್ಪಾ, ಹನುಮಂತನಗರ." ಕೊನೆಯ ಮಾತು ಆಟೋದವನಿಗೆ.

ಪರೀಕ್ಷೆಯ ಗುಟ್ಟನ್ನು ಪರೀಕ್ಷೆ ಬರೆಯುವವನಿಗೇ ಹೇಳುವ ಮೇಷ್ಟರು ಇರುವುದಿಲ್ಲ. ಆದರೆ ಹೇಳದೆ ಬಿಟ್ಟರೆ ಹುಡುಗನಿಗೆ ಮೋಸ ಮಾಡಿದ ಹಾಗಾಗುತ್ತದೆಂದು ಅಯ್ಯನವರಿಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ. ಹೇಳಿ ಹಗುರಾಗಿ ತಂಗಿಯ ಮನೆಗೆ ಹೊರಟುಹೋದರು. ಆ ಭಾರವೆಲ್ಲ ಜೀವರತ್ನನ ತಲೆಯ ಮೇಲೆ ಬಂದು ಕೂತಿತು.

ಇದು ನಡೆದದ್ದು ತೊಂಬತ್ತೊಂಬತ್ತನೇ ಇಸವಿಯ ಮಾರ್ಚಿನಲ್ಲಿ, ಬಿಟಿಎಂ ಲೇಔಟಿನ ಒಂದು ಹಳೆಯ ಮಹಡಿ ಮನೆಯಲ್ಲಿ. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಪ್ರಾರ್ಥನಾ ಮಂದಿರ ಮಾಡಿದ್ದರು. ಮಹಡಿಯ ಮೇಲಿನ ಪುಟ್ಟ ಕೋಣೆಯೇ ಅಯ್ಯನವರ ಆಫೀಸು. ಕೊಳ್ಳೇಗಾಲದ ಕಡೆಯಿಂದ ಬಂದ ಜೀವರತ್ನ ಎರಡು ವರ್ಷದಿಂದ ಅಲ್ಲಿ ಸಭಾಪಾಲಕನಾಗುವುದನ್ನು, ಅಂದರೆ ಪಾದ್ರಿಯ ಕೆಲಸವನ್ನು, ಕಲಿಯುತ್ತಿದ್ದ. ಕಾಲೇಜಿಗೆ ಹೋಗಿ ದಪ್ಪ ಪುಸ್ತಕ ಓದಿ ಬಂದವರಿಗೆ ಮದುವೆ ಮನೆಯಲ್ಲಿ ಮೈಕು ಹಿಡಿಯಲೂ ಬರುವುದಿಲ್ಲ, ಬಡಗಿಯ ಹುಡುಗ ಬಡಗಿಯ ಪಕ್ಕದಲ್ಲಿ ನಿಂತು ಕಲಿತ ಹಾಗೆ ಕಲಿಯಬೇಕು ಎಂಬುದು ಅಯ್ಯನವರ ಸಿದ್ಧಾಂತ. ಹಾಗಾಗಿ ಜೀವರತ್ನ ಪಕ್ಕದಲ್ಲಿ ನಿಂತೇ ಎಲ್ಲ ಕಲಿತಿದ್ದ. ಕುರ್ಚಿ ಹಾಕುವುದು, ಕುರ್ಚಿ ಮಡಚುವುದು, ಸಾವಿನ ಮನೆಯಲ್ಲಿ ಎಷ್ಟು ಹೊತ್ತು ಸುಮ್ಮನಿರಬೇಕು, ನಾಮಕರಣದ ಮನೆಯಲ್ಲಿ ಎಷ್ಟು ಲಾಡು ತಿಂದರೆ ಮರ್ಯಾದೆ, ಎಲ್ಲ.

ಒಂದನ್ನು ಮಾತ್ರ ಕಲಿತಿರಲಿಲ್ಲ. ಶನಿವಾರ ಸಭೆಯವರ ದೂರು ಕೇಳುವ ದಿನ. ಅಯ್ಯನವರು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತಿದ್ದರು. ಆಗ ಜೀವರತ್ನ ಫ್ಲಾಸ್ಕು ಹಿಡಿದು ಮೂಲೆಯ ಹೋಟೆಲಿಗೆ ಕಾಫಿ ತರಲು ಹೋಗಿರುತ್ತಿದ್ದ. ಒಳಗೆ ಏನು ನಡೆಯುತ್ತದೆಂದು ಅವನಿಗೆ ಎರಡು ವರ್ಷದಲ್ಲಿ ತಿಳಿದಿರಲಿಲ್ಲ. ಮುಖ ಊದಿಸಿಕೊಂಡು ಹತ್ತಿದವರು ಮುಖ ಅರಳಿಸಿಕೊಂಡು ಇಳಿಯುವುದನ್ನಷ್ಟೇ ಅವನು ಮೆಟ್ಟಿಲಿನಲ್ಲಿ ನಿಂತು ನೋಡಿದ್ದ.

ವಸಂತಪುರದಲ್ಲಿ ಹೊಸ ಸಭೆ ತೆರೆಯುವುದೆಂದು ಆಗಲೇ ತೀರ್ಮಾನವಾಗಿತ್ತು. ಇವತ್ತು ಪಾಸಾದರೆ ಅದು ಜೀವರತ್ನನದು. ಫೇಲಾದರೆ ಇನ್ನೆರಡು ವರ್ಷ ಫ್ಲಾಸ್ಕು. ಬಿಳಿ ನಿಲುವಂಗಿಯನ್ನು ಆರು ತಿಂಗಳ ಹಿಂದೆಯೇ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೊಲಿಸಿಟ್ಟು, ಬಾಗಿಲು ಹಾಕಿಕೊಂಡು ಆಗಾಗ ತೊಟ್ಟು ನೋಡುತ್ತಿದ್ದ. ಅವನ ಆಸೆ ಇನ್ನೂ ಒಂದಿತ್ತು. ಸಭೆಯವರೆಲ್ಲ ಅವನನ್ನು 'ಏನಪ್ಪಾ', 'ಬಾರಪ್ಪಾ' ಎನ್ನುತ್ತಿದ್ದರು. ಯಾರಾದರೂ ಒಬ್ಬರು, ಒಂದೇ ಒಂದು ಸಲ, 'ಅಯ್ಯನವರೇ' ಎಂದರೆ ಸಾಕು ಎಂದು ಬಡಪಾಯಿ ಹಂಬಲಿಸುತ್ತಿದ್ದ.

ಎಂಟೂವರೆಗೆ ಸಂಜೀವಯ್ಯನವರು ಧಡಧಡ ಮೆಟ್ಟಿಲು ಹತ್ತಿ ಬಂದರು. ನಿವೃತ್ತ ಹೆಡ್ ಕ್ಲರ್ಕು. ಹಿರಿಯರ ಕಮಿಟಿಗೆ ಹನ್ನೊಂದು ಸಲ ರಾಜೀನಾಮೆ ಕೊಟ್ಟು, ಹತ್ತು ಸಲ ವಾಪಸು ತೆಗೆದುಕೊಂಡಿದ್ದವರು.

"ಅಯ್ಯನವರೆಲ್ಲಪ್ಪಾ?"

"ಇವತ್ತು ನಾನೇ ಸಾರ್. ಕೂತ್ಕೊಳಿ."

"ಕೂತ್ಕೊಳಕ್ಕೆ ಕುರ್ಚಿ ಎಲ್ಲಿ ಬಿಟ್ಟಿದೀರಪ್ಪಾ ನನಗೆ? ಹದಿನೈದು ವರ್ಷದಿಂದ ಫ್ಯಾನಿನ ಕೆಳಗಿನ ಕುರ್ಚಿ ನಂದು. ಹೋದ ಭಾನುವಾರ ಬಂದು ನೋಡ್ತೀನಿ, ಆ ಎಸ್ತೇರಮ್ಮ ಅದರ ಮೇಲೆ ಬ್ಯಾಗ್ ಇಟ್ಟಿದಾಳೆ! ಬ್ಯಾಗಿಗೆ ಸೆಕೆ ಆಗುತ್ತೇನಪ್ಪಾ? ಸಾಕು, ಈ ಸಭೆ ಸಹವಾಸ ಸಾಕು. ಬಿಡುಗಡೆ ಲೆಟರ್ ಕೊಡಿ, ಬೇರೆ ಸಭೆ ಸೇರ್ಕೋತೀನಿ."

ಜೀವರತ್ನನಿಗೆ ಒಳಗೊಳಗೇ ನಗು ಬಂತು. ಒಂದು ಬ್ಯಾಗಿಗಾಗಿ ಹದಿನೈದು ವರ್ಷದ ಸಭೆಯನ್ನು ಯಾರಾದರೂ ಬಿಡುತ್ತಾರೆಯೇ? ಅಯ್ಯನವರು ಇನ್ನೂ ಸ್ವಲ್ಪ ನಂಬುವಂಥ ಕತೆ ಹೇಳಿಕೊಡಬಾರದಿತ್ತೇ ಎಂದುಕೊಂಡ. ನಾಟಕ ಸಿಕ್ಕಿಬಿದ್ದ ಸಂತೋಷದಲ್ಲಿ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಾಬರಿಯಾಗದೆ ಶಾಂತವಾಗಿರುವುದೇ ಪರೀಕ್ಷೆಯ ಗುಟ್ಟಿರಬೇಕೆಂದು ಅವನೇ ತೀರ್ಮಾನಿಸಿದ. ಬೀರುವಿನಿಂದ ಸಭೆಯ ಲೆಟರ್‌ಹೆಡ್ ತೆಗೆದು, 'ಸದರಿ ಕುಟುಂಬದವರನ್ನು ಯಾವ ಸಭೆಯವರಾದರೂ ಸಂತೋಷದಿಂದ ಸೇರಿಸಿಕೊಳ್ಳಬಹುದು' ಎಂದು ಮುದ್ದಾದ ಅಕ್ಷರದಲ್ಲಿ ಬರೆದು, ಅಯ್ಯನವರ ಪರವಾಗಿ ಸಹಿ ಹಾಕಿ, ಸೀಲು ಒತ್ತಿ ಎರಡೂ ಕೈಯಿಂದ ಕೊಟ್ಟ.

"ದೇವರು ಒಳ್ಳೇದು ಮಾಡ್ಲಿ ಸಾರ್."

ಸಂಜೀವಯ್ಯನವರು ಕಾಗದವನ್ನೂ ಅವನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. ಹದಿನೈದು ವರ್ಷದಲ್ಲಿ ಅವರು ನಲವತ್ತು ಸಲವಾದರೂ ಈ ಲೆಟರ್ ಕೇಳಿದ್ದರು. ಪ್ರತಿ ಸಲವೂ ಸತ್ಯಮಿತ್ರ ಅಯ್ಯನವರು ಅವರ ಎರಡೂ ಕೈ ಹಿಡಿದುಕೊಂಡು, 'ನೀವೇ ಹೋದ್ರೆ ಈ ಸಭೆಗೆ ಯಾರು ದಿಕ್ಕು ಸಂಜೀವಯ್ಯ?' ಎನ್ನುತ್ತಿದ್ದರು. ಇವರು ಬೇಡ ಎನ್ನುತ್ತಿದ್ದರು, ಅವರು ಬಿಡುತ್ತಿರಲಿಲ್ಲ, ಅಷ್ಟರಲ್ಲಿ ಕಾಫಿ ಬರುತ್ತಿತ್ತು. ಬಾಗಿಲು ಹಾಕಿದ ಕೋಣೆಯಲ್ಲಿ ಪ್ರತಿ ಶನಿವಾರ ನಡೆಯುತ್ತಿದ್ದುದು ಇಷ್ಟೇ. ಲೆಟರ್ ಕೇಳುವುದು ವಾಡಿಕೆ, ಕೊಡದಿರುವುದೂ ವಾಡಿಕೆ.

"ಬರ್ದೇ ಕೊಟ್ಬಿಟ್ಯೇನಪ್ಪಾ?" ಎಂದರು ಸಂಜೀವಯ್ಯನವರು. ಮೂರು ಮೆಟ್ಟಿಲು ಇಳಿದು, ಯಾರಾದರೂ ಕರೆದಾರೇನೋ ಎಂದು ನಿಂತರು. ಕಣ್ಣಲ್ಲಿ ನೀರಾಡಿತು. ಪಾಪ, ಮುದುಕರಿಗೆ ನಿಜವಾಗಿ ನೋವಾಗಿತ್ತು.

ಜೀವರತ್ನ ಮೇಲಿನಿಂದ ಬಗ್ಗಿ, "ಸಖತ್ತಾಗಿ ಮಾಡಿದ್ರಿ ಸಾರ್!" ಎಂದ.

ಹತ್ತು ಗಂಟೆಗೆ ಎಸ್ತೇರಮ್ಮ ಬಂದರು. ಮಹಿಳಾ ಸಂಘದ ಅಧ್ಯಕ್ಷೆ. ಸೆರಗು ಬಾಯಿಗೆ ಒತ್ತಿಕೊಂಡೇ ಕೂತರು. ಎರಡು ವಾರದ ಹಿಂದೆ ಸಭೆಯ ಸುಗ್ಗಿ ಹಬ್ಬವಾಗಿತ್ತು. ಸಭೆಯವರು ತಮ್ಮ ಮನೆಯಲ್ಲಿ ಬೆಳೆದದ್ದನ್ನು ಕಾಣಿಕೆ ತಂದಿಟ್ಟು, ಆರಾಧನೆ ಮುಗಿದ ಮೇಲೆ ಹರಾಜು ಕೂಗುವುದು ರೂಢಿ.

"ನನ್ನ ಕುಂಬಳಕಾಯಿ ಏನು ಪಾಪ ಮಾಡಿತ್ತಪ್ಪಾ? ಸಂಜೀವಯ್ಯನ ಮನೆ ಹುಂಜಕ್ಕೆ ಜಗಳ ಆಡ್ಕೊಂಡು ಕೂಗಿದ್ರು. ನನ್ನ ಕುಂಬಳಕಾಯಿಗೆ ಒಬ್ರೂ ಬಾಯಿ ಬಿಡ್ಲಿಲ್ಲ! ಹಿತ್ತಲಲ್ಲಿ ಮಗು ಸಾಕಿದಂಗೆ ಸಾಕಿದ್ದೆ. ನನಗೆ ಈ ಸಭೆನೇ ಬೇಡ. ಲೆಟರ್ ಕೊಟ್ಬಿಡಿ."

ಒಬ್ಬರು ಬರುತ್ತಾರೆ ಎಂದಿದ್ದರಲ್ಲ ಅಯ್ಯನವರು, ಇವರು ಎರಡನೆಯವರು ಎಂದು ಜೀವರತ್ನ ಒಂದು ಗಳಿಗೆ ಅನುಮಾನಿಸಿದ. ಆದರೆ ಕೊನೆಗೆ ಅದೇ ಮಾತು, ಅದೇ ಲೆಟರ್. ಒಂದೇ ಮಾತನ್ನು ಇಬ್ಬರು ಹೇಳುತ್ತಿದ್ದಾರೆಂದರೆ ಇಬ್ಬರಿಗೂ ಬಾಯಿಪಾಠ ಮಾಡಿಸಿದವರು ಒಬ್ಬರೇ. ಇದು ಎರಡನೇ ಅಂಕ ಎಂದು ಖಾತ್ರಿಯಾಯಿತು. ಮತ್ತೊಂದು ಲೆಟರ್ ಬರೆದ.

"ಆಂಟಿ, ಚೆನ್ನಾಗಿತ್ತು. ಅಳು ಮಾತ್ರ ಒಂಚೂರು ಬೇಗ ಶುರು ಆಯ್ತು."

ಎಸ್ತೇರಮ್ಮನ ಅಳು ಅಲ್ಲಿಗೇ ನಿಂತಿತು. ಲೆಟರ್ ಕಿತ್ತುಕೊಂಡು ಮೆಟ್ಟಿಲು ಇಳಿದರು.

ಹನ್ನೊಂದಕ್ಕೆ ಕೀಬೋರ್ಡ್ ನುಡಿಸುವ ಜ್ಞಾನದಾಸ್ ಬಂದ. ಯುವಕ ಸಂಘದವರು ಡ್ರಮ್ಮು ತಂದಮೇಲೆ ಹಾಡುಗಳೆಲ್ಲ ಬಿಎಂಟಿಸಿ ಬಸ್ಸಿನ ಹಿಂದೆ ಓಡುವ ಹಾಗೆ ಓಡುತ್ತಿವೆ, ತನ್ನ ಬೆರಳಿಗೆ ಮರ್ಯಾದೆಯಿಲ್ಲ, ತನಗೂ ಲೆಟರ್ ಬೇಕು ಎಂದ. ಮೂರನೇ ಅಂಕಕ್ಕೆ ಜೀವರತ್ನ ಸಿದ್ಧನಾಗಿದ್ದ. ಹೆಸರು ಬರೆಯುವ ಜಾಗ ಖಾಲಿ ಬಿಟ್ಟು ಮೊದಲೇ ಲೆಟರ್ ತಯಾರಿಟ್ಟಿದ್ದ.

"ಏನ್ ಗುರು, ಒಂದ್ ಸಲನೂ ಇರು ಅನ್ನಲ್ವಾ?" ಎಂದ ಜ್ಞಾನದಾಸ್.

"ಡೈಲಾಗ್ ಮುಗೀತಲ್ಲ ಮಗಾ, ಹೊರಡು," ಎಂದು ಜೀವರತ್ನ ಬೆನ್ನು ತಟ್ಟಿ ಕಳಿಸಿದ.

ಅವನು ಗೇಟು ದಾಟುವ ಮೊದಲೇ ಪಕ್ಕದ ಮನೆಯ ತಾರಸಿಯಿಂದ ನೀಲಗಂಗಮ್ಮನವರ ಕೂಗು ಕೇಳಿಸಿತು. ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ಸೋಮವಾರ ತಪ್ಪದೆ ಶಿವನ ಗುಡಿಗೆ ಹೋಗುವ ಹೆಂಗಸು. ಬೀದಿಯಲ್ಲಿ ಅವರ ಬಾಯಿಗೆ ಹೆದರದವರಿರಲಿಲ್ಲ.

"ಏನಪ್ಪಾ ಮರಿ, ಕಿವಿ ಕೇಳಲ್ವಾ? ನಿಮ್ಮ ಟ್ಯಾಂಕ್ ತುಂಬಿ ನೀರೆಲ್ಲಾ ನನ್ನ ಸಂಡಿಗೆ ಮೇಲೆ ಸುರೀತಾ ಇದೆ! ಪ್ರಾರ್ಥನೆ ಮಾಡೋರು ಮೋಟರ್ ಆಫ್ ಮಾಡಕ್ಕಾಗಲ್ವಾ?"

ಇದು ನಾಟಕವಿರಲು ಸಾಧ್ಯವೇ ಇರಲಿಲ್ಲ. ಸಭೆಗೂ ಆಕೆಗೂ ಏನು ಸಂಬಂಧ? ಜೀವರತ್ನ ದಡಬಡಿಸಿ ಮೆಟ್ಟಿಲಿಳಿದ. ಓಡಿಹೋಗಿ ಗೇಟಿನ ಪಕ್ಕದ ಸ್ವಿಚ್ಚು ಆರಿಸಿ, ಅವರ ತಾರಸಿ ಹತ್ತಿ ಕೈಮುಗಿದು ನಿಂತ.

"ತಪ್ಪಾಯ್ತು ಆಂಟಿ. ಏನು ಮಾಡ್ಬೇಕು ಹೇಳಿ, ಮಾಡ್ತೀನಿ."

"ಏನು ಮಾಡ್ತೀಯ? ಒರಳು ಹಿಡ್ಕೊಂಡು ಹೊಸದಾಗಿ ಒತ್ತಿ ಕೊಡ್ತೀಯಾ?"

ಒತ್ತಿಕೊಟ್ಟ. ಉರಿಬಿಸಿಲಲ್ಲಿ ತಲೆಗೆ ಒದ್ದೆ ಟವೆಲು ಸುತ್ತಿಕೊಂಡು, ನೀಲಗಂಗಮ್ಮ ಪಾತ್ರೆ ಪಾತ್ರೆ ಬೇಯಿಸಿ ತಂದ ಹಿಟ್ಟನ್ನೆಲ್ಲ ಚಕ್ಕುಲಿ ಒರಳಿಗೆ ತುಂಬಿ, ಹಳೇ ಸೀರೆಯ ಮೇಲೆ ಸಾಲು ಸಾಲಾಗಿ ಒತ್ತಿದ. ಮಧ್ಯೆ ಆಕೆ ಮಂಡಿನೋವಿನ ಕತೆ ಹೇಳಿದರು, ಕೇಳಿದ. ಸೊಸೆಯ ಕತೆ ಹೇಳಿದರು, ಅದನ್ನೂ ಕೇಳಿದ. ಕಾಗೆ ಓಡಿಸಿದ. ನಾಲ್ಕು ಗಂಟೆಗೆ ಕೆಳಗಿಳಿಯುವಾಗ ಎರಡು ಅಂಗೈಯಲ್ಲೂ ಬೊಬ್ಬೆ ಎದ್ದಿತ್ತು. ಹೋಗಲಿ, ಬೆಳಗಿನ ಪರೀಕ್ಷೆಯಾದರೂ ಚೆನ್ನಾಗಿ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡ.

ಆರು ಗಂಟೆಗೆ ಕಮಿಟಿ ಸೇರಿತು. ಅಯ್ಯನವರು ನಡುವೆ, ಹಿರಿಯರು ಆಚೀಚೆ. ಜೀವರತ್ನ ತಲೆ ಬಾಚಿ, ಬೊಬ್ಬೆ ಕಾಣದ ಹಾಗೆ ಕೈ ಹಿಂದೆ ಕಟ್ಟಿ ನಿಂತ. ಸಂಜೀವಯ್ಯನವರು ಬಂದು ಸಾಕ್ಷಿ ಹೇಳುತ್ತಾರೆಂದು ಬಾಗಿಲ ಕಡೆ ನೋಡಿದ.

ಬಂದದ್ದು ನೀಲಗಂಗಮ್ಮ.

"ಅಯ್ನೋರೇ, ನೂರಕ್ಕೆ ನೂರು ಕೊಟ್ಬಿಡಿ ಈ ಹುಡುಗನಿಗೆ," ಎಂದರು ಆಕೆ, ಕೂರುವ ಮೊದಲೇ. "ನೀವು ಹೇಳ್ದಂಗೇ ಸ್ವಿಚ್ ನಾನೇ ಹಾಕಿ ಬಂದಿದ್ದು. ನೆಂದಿದ್ದು ಒಂದು ತಟ್ಟೆ ಸಂಡಿಗೆ. ಮಂಡಿನೋವು ಅಂತ ವರ್ಷದ ಸಂಡಿಗೆ ಎಲ್ಲಾ ಹಾಗೇ ಉಳಿದಿತ್ತಲ್ಲ, ಅಷ್ಟನ್ನೂ ಒತ್ತಿಸ್ಬಿಟ್ಟೆ. ಒಂದು ಎದುರು ಮಾತಾಡ್ಲಿಲ್ಲ. ನನ್ನ ಮಗ ಹೀಗಿದ್ದಿದ್ರೆ ನಾನು ಯಾಕೆ ಬೀದೀಲಿ ಕೂಗ್ತಿದ್ದೆ?"

"ಸಭೆಯವರಿಗೆ ಹೇಳಿದ್ರೆ ಮುಖದಲ್ಲೇ ಗೊತ್ತಾಗಿಬಿಡುತ್ತೆ," ಎಂದು ಅಯ್ಯನವರು ಹಿರಿಯರಿಗೆ ವಿವರಿಸಿದರು. "ಅದಕ್ಕೇ ಇವರನ್ನ ಕೇಳ್ಕೊಂಡೆ."

ಜೀವರತ್ನನ ಮುಖ ಬಿಳುಚಿಕೊಂಡಿತು. ನಾಟಕ ಇದಾದರೆ ಬೆಳಗಿನದ್ದು? ಎಲ್ಲ ಬಾಯಿಬಿಟ್ಟ. ಮೂರು ಲೆಟರ್, ಸಹಿ, ಸೀಲು, 'ಸಖತ್ತಾಗಿ ಮಾಡಿದ್ರಿ' ಎಂದದ್ದೂ ಬಿಡಲಿಲ್ಲ. ಹಿರಿಯರೊಬ್ಬರು ತಲೆಯ ಮೇಲೆ ಕೈಹೊತ್ತರು. ಎರಡು ವರ್ಷದ ದುಡಿಮೆ ನೀರಿಗೆ ಹಾಕಿದ ಹಾಗಾಯಿತು ಎಂದು ಜೀವರತ್ನನಿಗೆ ಅಳುವೇ ಬಂತು.

ಅಯ್ಯನವರು ಮಾತ್ರ ಕಣ್ಣು ಮುಚ್ಚಿ ಕೂತಿದ್ದರು. ಕಣ್ಣು ತೆರೆದಾಗ ಅವರ ಮುಖ ಹದಿನೈದು ವರ್ಷದ ಹಲ್ಲುನೋವು ಹೋದವರ ಮುಖದಂತಿತ್ತು.

"ವಸಂತಪುರ ನಿನ್ನದೇ ಜೀವಾ," ಎಂದರು. "ಪಾಸಾಗಿದೀಯ."

ಹೊಟ್ಟೆಗೆ ಹಾಲು ಹುಯ್ದಂತಾಯಿತು. ಅವನು ಅಯ್ಯನವರ ಕಾಲು ಮುಟ್ಟಲು ಬಗ್ಗಿದ.

"ಪೂರ್ತಿ ಕೇಳು. ಹೊಸ ಸಭೆ ಅಂದ್ರೆ ಜನ ಬೇಕಲ್ಲ. ಇಲ್ಲಿಂದ ಎರಡು ಮೂರು ಕುಟುಂಬ ನಿನ್ನ ಜೊತೆ ಕಳಿಸೋಣ ಅಂತ ಎಂಟು ತಿಂಗಳಿಂದ ಕೇಳ್ತಾ ಇದೀವಿ, ಯಾರೂ ಒಪ್ಪಿರ್ಲಿಲ್ಲ. ಮಧ್ಯಾಹ್ನ ಮೂರು ಕುಟುಂಬದವರೂ ಹನುಮಂತನಗರಕ್ಕೆ, ನನ್ನ ತಂಗಿ ಮನೆಗೇ ಬಂದಿದ್ರು. ಒಬ್ಬೊಬ್ಬರ ಕೈಲೂ ಒಂದೊಂದು ಲೆಟರ್. ಹರಿದುಹಾಕ್ಲಾ ಅಂದೆ. ಸೀಲ್ ಒತ್ತಿ ಕಳಿಸಿದ ಮೇಲೆ ಯಾವ ಮುಖ ಇಟ್ಕೊಂಡು ಇಲ್ಲಿ ಕೂರೋದು ಅಂದ್ರು. ಅದಕ್ಕೇ ಮೂರು ಲೆಟರ್‌ಗೂ ವಸಂತಪುರ ಅಂತ ನಾನೇ ಬರ್ದುಕೊಟ್ಟೆ."

ಜೀವರತ್ನ ಬಗ್ಗಿದವನು ಹಾಗೇ ಇದ್ದ. ಕೆಳಗಿನಿಂದಲೇ ಸಣ್ಣ ದನಿಯಲ್ಲಿ, "ಅಯ್ಯನವರೇ, ನನಗೆ ಇನ್ನೂ ಏನೂ ಬರಲ್ಲ. ಇನ್ನೆರಡು ವರ್ಷ ಇಲ್ಲೇ ಕಲೀತೀನಿ," ಎಂದ.

"ಆಗಲ್ಲಪ್ಪಾ. ಕಮಿಟಿ ಬರ್ಕೊಂಡಾಯ್ತು," ಎಂದರು ಅಯ್ಯನವರು ಬಹಳ ಪ್ರೀತಿಯಿಂದ.

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಸಂಜೀವಯ್ಯನವರು ನಿಂತಿದ್ದರು. ಅವರ ಹಿಂದೆ ಎಸ್ತೇರಮ್ಮ, ಅವರ ಹಿಂದೆ ಜ್ಞಾನದಾಸ್. ಮೂವರ ಮುಖವೂ ಊದಿಕೊಂಡಿತ್ತು. ಸಂಜೀವಯ್ಯನವರು ಸತ್ಯಮಿತ್ರರ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಜೀವರತ್ನನ ಮುಂದೆ ಬಂದು, ಎರಡೂ ಕೈ ಜೋಡಿಸಿದರು.

"ವಂದನೆ ಅಯ್ಯನವರೇ," ಎಂದರು. "ಬರೋ ಶನಿವಾರ ಎಂಟೂವರೆಗೆ ಸಿಗ್ತೀರಲ್ವಾ? ಒಂದು ವಿಷಯ ಮಾತಾಡೋದಿದೆ."