ಹಿಂದೆ ಐವತ್ತು ಕಿಲೋಗಿಂತ ಹೆಚ್ಚು ಇಡಬಾರದು

ನಮ್ಮ ಗಾಡಿಯ ಹಿಂಬಾಗಿಲಿಗೆ ಒಳಗಡೆ ಒಂದು ಚೀಟಿ ಅಂಟಿಸಿದ್ದೇನೆ: ‘ಹಿಂಬದಿಯಲ್ಲಿ ಐವತ್ತು ಕಿಲೋಗಿಂತ ಹೆಚ್ಚು ಸಾಮಾನು ಇಡತಕ್ಕದ್ದಲ್ಲ.’ ಬರೆದವನು ನಾನು. ದಪ್ಪ ಅಕ್ಷರ, ಕೆಳಗೆ ಎರಡು ಗೆರೆ. ನಮ್ಮೂರು ಹುಣಸೂರಿನಿಂದ ಯಾವ ದಿಕ್ಕಿಗೆ ಹೊರಟರೂ ಆ ನಿಯಮ ಮುರಿಯುತ್ತದೆ. ಒಂದು ಸಲ ಎರಡು ಸಲವಲ್ಲ, ಪ್ರತಿ ಸಲ. ಈ ಕಥೆಯಲ್ಲಿ ಗಾಡಿಗೆ ಕೈ ಹಚ್ಚಿದವರೆಲ್ಲ ಅದನ್ನು ಮುರಿದವರೇ, ಒಬ್ಬನನ್ನು ಬಿಟ್ಟು. ಆ ಒಬ್ಬ ನಾನೇ ಇರಬೇಕೆಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ನನಗೂ ಬಹಳ ದಿನ ಹಾಗೇ ಅನ್ನಿಸಿತ್ತು.

ಗಾಡಿ ಎಂದರೆ ಮನೆಗಾಡಿ. ಹಳೆಯ ಪುಟ್ಟ ವ್ಯಾನಿನೊಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿದ್ದು. ಎರಡು ಕೈ ದಾಟಿ ನನಗೆ ಬಂತು. ಊರು ಸುತ್ತುವ ಶೋಕಿಗೆ ಕೊಂಡದ್ದಲ್ಲ. ನನ್ನ ಹೆಂಡತಿಗೆ ಬೆನ್ನುಮೂಳೆಯ ಆಪರೇಷನ್ ಆಗಿದೆ. ಬಸ್ಸಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂರಲಾರಳು, ಮಲಗಿಕೊಂಡಾದರೆ ಹೋಗಬಲ್ಲಳು. ಈ ಗಾಡಿಯ ಹಿಂದಿನ ಚಕ್ರಗಳಿಗೆ ಉಕ್ಕಿನ ಸ್ಪ್ರಿಂಗ್ ಪಟ್ಟಿಗಳ ಬದಲು ಗಾಳಿ ತುಂಬಿದ ಎರಡು ರಬ್ಬರ್ ಚೀಲಗಳಿವೆ. ಮೆಕ್ಯಾನಿಕ್‌ಗಳು ಬಲೂನು ಎನ್ನುತ್ತಾರೆ. ಅವು ಚೆನ್ನಾಗಿದ್ದರೆ ರಸ್ತೆಯ ಹೊಂಡ ಬೆನ್ನಿಗೆ ತಿಳಿಯುವುದಿಲ್ಲ. ನಮ್ಮವು ಸವೆದಿದ್ದವು. ಅಷ್ಟರಲ್ಲಿ ಎನ್. ಬೇಗೂರಿನಲ್ಲಿ ಅವಳ ತಂಗಿಯ ಮಗಳ ಸೀಮಂತ ನಿಶ್ಚಯವಾಯಿತು. ಆ ಹುಡುಗಿ ಹೈಸ್ಕೂಲು ಮುಗಿಸುವ ತನಕ ನಮ್ಮ ಮನೆಯಲ್ಲೇ ಬೆಳೆದವಳು. “ನಾನು ಹೋಗಲೇಬೇಕು ರೀ” ಎಂದು ಹೆಂಡತಿ ಒಂದೇ ಸಲ ಹೇಳಿದಳು. ಎರಡನೇ ಸಲ ಹೇಳುವ ಪದ್ಧತಿ ಅವಳಿಗಿಲ್ಲ.

೧. ಇಪ್ಪತ್ತೆರಡು ಮಂಗಳ

ಸೀಮಂತಕ್ಕೂ ಮುಂಚೆ ಎರಡು ಕಡೆ ಹೋಗಿ ಬಂದ ಕಥೆ ಹೇಳಬೇಕು. ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ ಹತ್ತಿರ ನನ್ನ ಅಕ್ಕನ ಮನೆ. ನಾಲೆ ನೀರಿನ ಗದ್ದೆಯವರು. ನಾವು ಹೊರಡುವ ಹೊತ್ತಿಗೆ ಅಕ್ಕಿ ಚೀಲ ಗಾಡಿಯ ಬಾಗಿಲಿಗೆ ಬಂದು ನಿಂತಿತು. ನಾನು ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಿದೆ.

“ಐವತ್ತೇ ಕಿಲೋ ಕಣೋ” ಎಂದಳು ಅಕ್ಕ. “ನಿನ್ ಕಾನೂನಿಗೆ ಸರಿಯಾಗೇ ತುಂಬ್ಸಿವ್ನಿ.”

ನಾನು ಅಳತೆ ಮತ್ತು ತೂಕದ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಬಾಯಿಮಾತಿನ ತೂಕವನ್ನು ನಂಬಿದವನಲ್ಲ. ನನ್ನ ಕೊಕ್ಕೆ ತಕ್ಕಡಿ ತೆಗೆದು, ಚೀಲವನ್ನು ಜಗಲಿಯ ತೊಲೆಗೆ ನೇತುಹಾಕಿ ತೂಗಿದೆ.

“ಅಕ್ಕಾ, ಅರ್ಧ ಕಿಲೋ ಕಡಿಮೆ ಇದೆ.”

ಅಕ್ಕ ಪ್ರೀತಿಯಿಂದ ಕೊಟ್ಟ ಅಕ್ಕಿ ಅದು. ಭಾವ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಅಕ್ಕ ಒಳಗೆ ಹೋಗಿ, ಮೊರದ ತುಂಬ ಅಕ್ಕಿ ತಂದು ಚೀಲದ ಬಾಯಿಗೆ ಸುರಿದಳು. “ತಗಳಪ್ಪ ಇನ್ಸ್‌ಪೆಟ್ರೇ. ಇನ್ನು ಕೇಸ್ ಆಕ್ಬ್ಯಾಡಿ.” ಆಮೇಲೆ ತೆಂಗಿನಕಾಯಿ ಎಣಿಸಿ ಎಣಿಸಿ ಒಳಗಿಡತೊಡಗಿದಳು.

“ಅಕ್ಕಾ, ಐವತ್ತು ಆಗಿಹೋಯಿತಲ್ಲ!”

“ಅದು ಸಾಮಾನಿಗೆ ಕಣ್ಲಾ. ಕಾಯಿ ಸಾಮಾನಾ? ಕಾಯಿ ಮಂಗಳ.”

ಮಂಗಳಕ್ಕೆ ತೂಕ ಕಟ್ಟುವ ಕಾನೂನು ನನ್ನ ಸರ್ವಿಸ್ಸಿನಲ್ಲಿ ಕಂಡಿರಲಿಲ್ಲ. ಇಪ್ಪತ್ತೆರಡು ಮಂಗಳ ಹತ್ತಿದವು.

೨. ‘ಮೇಲೆ’ ಅಂತ ಬರೆದಿಲ್ಲ

ಪಿರಿಯಾಪಟ್ಟಣದ ಕಡೆ ಹೆಂಡತಿಯ ಚಿಕ್ಕಪ್ಪ ಹೊಗೆಸೊಪ್ಪು ಬೆಳೆಯುತ್ತಾರೆ. ಅವರು ಕನ್ನಡಕ ಹಾಕಿಕೊಂಡು ನನ್ನ ಚೀಟಿಯನ್ನು ಎರಡು ಸಲ ಓದಿದರು. ಇಷ್ಟು ಶ್ರದ್ಧೆಯಿಂದ ಓದಿದವರು ಇವರೊಬ್ಬರೇ ಎಂದು ನನಗೆ ಗೌರವ ಬಂತು. ಕಾಫಿ ಕುಡಿದು ಹೊರಗೆ ಬಂದು ನೋಡಿದರೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಏಣಿ ನಮ್ಮ ಗಾಡಿಗೆ ಒರಗಿದೆ. ಏಣಿಯ ತುದಿಯಲ್ಲಿ ಚಿಕ್ಕಮಾವ. ಗಾಡಿಯ ನೆತ್ತಿಯ ಮೇಲೆ ಹದಿನಾಲ್ಕು ಸಿಹಿಗುಂಬಳಕಾಯಿ, ಹಗ್ಗ ಬಿಗಿದು.

“ಮಾವಾ, ಇದೇನು?”

“ಹಿಂದ್ಗಡೆ ಇಡಬ್ಯಾಡಿ ಅಂತ ಬರ್ದಿದ್ದೀರಿ ಅಳಿಯಂದ್ರೇ. ಮ್ಯಾಲೆ ಅಂತ ಎಲ್ ಬರ್ದಿದ್ದೀರಿ?”

ಹುಣಸೂರಿನ ದಾರಿಯ ಮೊದಲ ಉಬ್ಬಿನಲ್ಲಿ ಗಾಡಿಯ ಹಿಂಭಾಗ ‘ಧಡ್’ ಎಂದು ಕೂತಿತು. ಒಳಗಿಂದ ಹೆಂಡತಿ “ಅಮ್ಮಾ” ಎಂದಳು. ಎರಡನೇ ಉಬ್ಬಿನಲ್ಲಿ ಒಂದು ಕುಂಬಳಕಾಯಿ ಹಗ್ಗ ತಪ್ಪಿಸಿಕೊಂಡು ಮುಂದಿನ ಗಾಜಿನ ಮೇಲೆ ಉರುಳಿ ಬಂದು, ಒಂದು ಕ್ಷಣ ನನ್ನ ಮುಖ ನೋಡಿ, ಎಡಕ್ಕೆ ಬಿತ್ತು. ಗಾಡಿ ನಿಲ್ಲಿಸಿ, ಹೆಂಡತಿಯ ಮಂಚದ ಪಕ್ಕ ನಿಂತು, ಅವಳ ತವರಿನವರ ಬೇಜವಾಬ್ದಾರಿಯ ಬಗ್ಗೆ ಭಾಷಣ ಮಾಡಿದೆ. ನಿಯಮ ಇರುವುದೇ ನಿನ್ನ ಬೆನ್ನಿಗಾಗಿ, ಇಷ್ಟೂ ತಿಳಿಯಬಾರದೇ ಇವರಿಗೆ ಎಂದೆಲ್ಲ.

ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಭಾಷಣಾನೂ ಭಾರ ಆಗುತ್ತೆ ರೀ. ಅದನ್ನ ಇಲ್ಲೇ ಇಳಿಸಿ ಹೊರಡಿ.”

೩. ಖಾಲಿ ಗಾಡಿ

ಸೀಮಂತಕ್ಕೆ ಒಂದು ದಿನ ಮುಂಚೆ ಹೊರಟೆವು. ದಾರಿಯಲ್ಲಿ ಎಚ್.ಡಿ. ಕೋಟೆಯಲ್ಲಿ ಬಲೂನು ಬದಲಿಸುವುದು, ಮಧ್ಯಾಹ್ನದ ಹೊತ್ತಿಗೆ ಬೇಗೂರು ಸೇರುವುದು ಎಂದು ಲೆಕ್ಕ. ಹೊಸ ಬಲೂನು ಎರಡನ್ನೂ ಮೈಸೂರಿನಿಂದ ತರಿಸಿಟ್ಟಿದ್ದೆ. ಅಕ್ಕಿ, ಕಾಯಿ, ಕುಂಬಳ ಎಲ್ಲ ಮನೆಯಲ್ಲೇ ಇಳಿಸಿದ್ದೆ.

ಕೋಟೆಯ ಮೆಕ್ಯಾನಿಕ್ ಬಹಳ ವರ್ಷ ದೊಡ್ಡ ಬಸ್ಸುಗಳ ಬಲೂನು ಬದಲಿಸಿದವನು. ಮಾತು ಕಡಿಮೆ. ನಾನು ಗಾಡಿಯ ಮ್ಯಾನ್ಯುಯಲ್ಲಿನ ಹಾಳೆಗಳನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ವಿವರಿಸಿದೆ. ಆತ ಕೇಳುತ್ತಲೇ ಗಾಳಿ ತುಂಬಿ, ಸೋಪಿನ ನೀರು ಚಿಮುಕಿಸಿದ. ಎರಡೂ ಬಲೂನುಗಳ ಮಡಿಕೆಯಲ್ಲಿ ಗುಳುಗುಳು ನೊರೆ ಎದ್ದಿತು. ಆಮೇಲೆ ಚಕ್ರದ ನಡುವಿನಿಂದ ಮೇಲಿನ ತಗಡಿನವರೆಗೆ ಗೇಣು ಹಾಕಿ ಅಳೆದ.

“ಗಾಡಿ ಖಾಲಿ ಮಾಡಿ ಸಾ.”

“ಖಾಲಿಯೇ ಇದೆ.”

“ಇಲ್ಲ ಸಾ. ಇಷ್ಟು ಗಾಳಿಗೆ ಖಾಲಿ ಗಾಡಿ ಇನ್ನೂ ನಾಕು ಬೆಳ್ಳು ಮ್ಯಾಲೇಳ್ಬೇಕು.”

“ಗೇಣಿನಲ್ಲಿ ಅಳೆದು ನನಗೆ ತೂಕ ಹೇಳುತ್ತೀರೇನ್ರೀ?” ಎಂದೆ. ನನ್ನ ಸರ್ವಿಸ್ ಎಷ್ಟು ವರ್ಷದ್ದು, ಎಷ್ಟು ಸುಳ್ಳು ತಕ್ಕಡಿ ಹಿಡಿದಿದ್ದೇನೆ ಎಂಬುದನ್ನೂ ಹೇಳಿದೆ.

“ಆಯ್ತು ಸಾ. ಖಾಲಿ ಮಾಡ್ದೆ ನಾನು ಹೊಸ ಬಲೂನು ಆಕಾಕಿಲ್ಲ. ಇವೂ ಅಂಗೇ ಸಾಯ್ತವೆ.” ಸ್ಪ್ಯಾನರ್ ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟ.

ಹೆಂಡತಿ ಶೆಡ್ಡಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಳು. ಅವಳು ಕೂರಬಹುದಾದ ಅರ್ಧ ಗಂಟೆ ಮುಗಿಯುತ್ತಾ ಬಂದಿತ್ತು. “ಇರೋದನ್ನೆಲ್ಲ ಇಳಿಸಿ ರೀ, ಮುಗೀಲಿ” ಎಂದಳು. ಹಾಸಿಗೆ ಇಳಿಯಿತು. ಪಾತ್ರೆ ಇಳಿಯಿತು. “ಅಷ್ಟೇ” ಎಂದೆ ನಾನು. ಅಷ್ಟೇ ಅಲ್ಲವೆಂದು ನನಗೆ ಗೊತ್ತಿತ್ತು. ಆತ ಎದ್ದು ಬಂದು ಮಂಚದ ಹಲಗೆಯನ್ನು ಗೆಣ್ಣಿನಿಂದ ತಟ್ಟಿದ. ಹಲಗೆ ಎತ್ತಿದ.

ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಬಟ್ಟುಗಳು. ಎಂಟು.

ಗುಜರಿ ಅಂಗಡಿಯಲ್ಲಿ ಕಂಡು, ಕರಗಿಹೋಗುತ್ತವಲ್ಲ ಎಂಬ ಸಂಕಟಕ್ಕೆ ಕೊಂಡು ತಂದಿದ್ದೆ. ಮನೆಯಲ್ಲಿಟ್ಟರೆ ಹೆಂಡತಿ ಬೈಯುತ್ತಾಳೆಂದು ಗಾಡಿಯಲ್ಲಿ ಅಡಗಿಸಿದ್ದೆ. ಕೊಕ್ಕೆ ತಕ್ಕಡಿಯನ್ನು ಆಗಾಗ ಪರೀಕ್ಷಿಸಬೇಕಲ್ಲ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡಿದ್ದೆ. ಅದಕ್ಕೆ ಒಂದು ಬಟ್ಟು ಸಾಕು. ನೂರ ಅರವತ್ತು ಕಿಲೋ, ವರ್ಷವಿಡೀ, ಅವಳ ಬೆನ್ನಿನ ಕೆಳಗೇ ಇತ್ತು.

ಎಂಟೂ ಕೆಳಗಿಳಿದವು. ಹೆಂಡತಿ ಕುರ್ಚಿಯಿಂದಲೇ ಎಣಿಸಿದಳು.

“ಅಕ್ಕನ ಅಕ್ಕೀಲಿ ಅರ್ಧ ಕಿಲೋ ಕಡಿಮೆ ಇತ್ತಲ್ವಾ?” ಎಂದಳು. “ಇದರಲ್ಲೂ ಕಡಿಮೆ ಇದೆಯೇನೋ, ತೂಗಿ ನೋಡಿ.”

೪. ಕೆಲಸಕ್ಕೆ ಬಂದವು

ಶೆಡ್ಡಿನ ಹಿಂದೆಯೇ ಮೆಕ್ಯಾನಿಕ್‌ನ ಮನೆ. ಅವನ ತಾಯಿ ನನ್ನ ಹೆಂಡತಿಯನ್ನು ಒಳಗೆ ಕರೆದು ಚಾಪೆ ಹಾಸಿ ಮಲಗಿಸಿ, ಸೀಮಂತದ ಸುದ್ದಿ, ಬೇಗೂರಿನ ತಂಗಿಯ ಶುಂಠಿ ಹೊಲ ಎಲ್ಲವನ್ನೂ ಶೆಡ್ಡಿಗೂ ಕೇಳುವ ಹಾಗೆ ವಿಚಾರಿಸಿದರು. ಆತ ಗಾಡಿಯ ಹಿಂಭಾಗವನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರ ಕಳಚಿ, ಸತ್ತ ಬಲೂನುಗಳನ್ನು ಬಿಚ್ಚಿದ. ನಾನು ಹಾಳೆಗಳನ್ನು ಮಡಿಚಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

“ಯಾಕ್ ಸಾ ನಿಲ್ಲಿಸ್ಬುಟ್ರಿ? ಓದಿ, ಚೆನ್ನಾಗಿತ್ತು” ಎಂದ ಗಾಡಿಯ ಕೆಳಗಿನಿಂದ.

ಎರಡೂ ಹೊಸ ಬಲೂನು ಕೂತ ಮೇಲೆ ಮತ್ತೆ ಸೋಪಿನ ನೀರು, ಮತ್ತೆ ಗೇಣು. ನನ್ನ ಕೈ ತಡೆಯಲಿಲ್ಲ; ಟೇಪು ಹಿಡಿದು ನೋಡಿದೆ. ಎಡಕ್ಕೂ ಬಲಕ್ಕೂ ಕೂದಲಿನಷ್ಟು ವ್ಯತ್ಯಾಸವಿರಲಿಲ್ಲ. ತಲೆ ಎತ್ತಿದರೆ, ಗಾಡಿ ಉರುಳದಂತೆ ಮುಂದಿನ ಚಕ್ರಗಳಿಗೆ ಆತ ಅಡ್ಡ ಕೊಟ್ಟದ್ದು ಕಾಣಿಸಿತು. ನನ್ನ ಬಟ್ಟುಗಳು, ಒಂದೊಂದು ಚಕ್ರಕ್ಕೆ ಎರಡೆರಡು.

“ಇಟ್ಕೊಳ್ಳಿ, ನಿಮಗೇ ಇರಲಿ” ಎಂದೆ.

“ಆಗ್ಲಿ ಸಾ. ಈಗ ಒಂದು ಕೆಲ್ಸಕ್ಕೆ ಬಂದ್ವು.”

೫. ಬಾಳೆಗೊನೆ

ಹೊರಡುವ ಹೊತ್ತಿಗೆ ಅವನ ತಾಯಿ ಮೂರು ಬಾಳೆಗೊನೆಗಳನ್ನು ತರಿಸಿ ಗಾಡಿಗೆ ಒರಗಿಸಿದ್ದರು. “ಸೀಮಂತದ ಮನೆಗೆ ಓಯ್ತಾ ಇದ್ದೀರಿ. ಬರಿಗೈಲಿ ಕಳಿಸಕಾಯ್ತದಾ ತಾಯಿ?” ಎಂದು ನನ್ನ ಹೆಂಡತಿಯ ಕೆನ್ನೆ ಸವರಿದರು.

ಒಳ್ಳೇ ಗೊನೆಗಳು. ಐವತ್ತು ಕಿಲೋ ದಾಟುತ್ತವೆಂದು ಕಣ್ಣಳತೆಯಲ್ಲೇ ಗೊತ್ತಾಯಿತು. ಬೇಡ ಎನ್ನಬೇಕಿತ್ತು. ಆ ದಿನ, ಆ ಬಟ್ಟುಗಳ ಎದುರಿಗೆ, ಬೇಡ ಎನ್ನಲೇಬೇಕಿತ್ತು. ನನ್ನ ಬಾಯಿ “ಅಯ್ಯೋ, ಯಾಕಮ್ಮ ತೊಂದರೆ” ಎಂದಿತು. ನಮ್ಮ ಸೀಮೆಯಲ್ಲಿ ಹಾಗೆಂದರೆ ಹೇರಿ ಎಂದರ್ಥ. ಹಿಂಬಾಗಿಲನ್ನು ತೆರೆದವನೂ ನಾನೇ.

ಮೂರನೇ ಗೊನೆ ಒಳಗೆ ಹೋಗುವಷ್ಟರಲ್ಲಿ ಮೆಕ್ಯಾನಿಕ್ ಕೈ ಒರೆಸಿಕೊಂಡು ಬಂದ. ಒಂದೊಂದಾಗಿ ಮೂರನ್ನೂ ಕೆಳಗಿಳಿಸಿದ.

“ಲೇ!” ತಾಯಿ ಸೊಂಟಕ್ಕೆ ಕೈಯಿಟ್ಟರು. “ಮನೆ ಬಾಗ್ಲಿಗೆ ಬಂದೋರಿಗೆ ಕೊಟ್ಟಿದ್ದ ಕಿತ್ಕೊತೀಯೇನ್ಲಾ? ನನ್ ಹೊಟ್ಟೇಲೇ ಹುಟ್ಟಿದ್ದಾ ನೀನು?”

“ಕೊಡಬ್ಯಾಡ ಅಂದ್ನಾ ಅವ್ವ? ಇದ್ರಾಗೆ ಬ್ಯಾಡ.”

ನಾನು ನಡುವೆ ಬಾಯಿ ಹಾಕಿದೆ. “ಇರಲಿ ಬಿಡ್ರೀ, ಇವತ್ತೊಂದು ದಿನ.”

ಆತ ನನ್ನ ಕಡೆ ತಿರುಗಿ, ತೆರೆದ ಬಾಗಿಲಿನ ಮೇಲಿದ್ದ ಚೀಟಿಯನ್ನು ಬೆರಳಿಂದ ತೋರಿಸಿದ. “ಇದ ಬರ್ದೋರು ಯಾರು ಸಾ?”

ಪಕ್ಕದ ಬಾಗಿಲಿನಿಂದ ಹತ್ತಿ ಮಲಗಿದ್ದ ಹೆಂಡತಿ ಒಳಗಿಂದಲೇ ನಕ್ಕಳು. ಬೆಳಿಗ್ಗೆಯಿಂದ ಅವಳು ನಕ್ಕದ್ದು ಅದೇ ಮೊದಲು.

ಆತ ಹಿಂಬಾಗಿಲು ಎಳೆದು, ಬೀಗ ಹಾಕಿ, ಆ ಬಾಗಿಲಿನ ಕೀಲಿಯನ್ನು ತನ್ನ ಅಂಗಿಯ ಜೇಬಿಗೆ ಇಳಿಸಿದ. “ಇದು ಸೀಮಂತ ಮುಗ್ದು ವಾಪಸ್ ಬರೋವಾಗ ಕೊಡ್ತೀನಿ ಸಾ. ಅಲ್ಲಿ ನಿಮ್ ನಾದಿನಿ ಶುಂಠಿ ಮೂಟೆ ಎತ್ತಿಸ್ತಾರೆ, ನೀವು ‘ಯಾಕಮ್ಮ ತೊಂದ್ರೆ’ ಅಂತೀರಿ.”

ಆಮೇಲೆ ತನ್ನ ಬೈಕು ಹೊರಗೆ ತಂದ. ಎಡಕ್ಕೊಂದು ಗೊನೆ, ಬಲಕ್ಕೊಂದು ಗೊನೆ ಕಟ್ಟಿದ. ಮೂರನೆಯದನ್ನು ಹಿಂದಿನ ಸೀಟಿನ ಮೇಲೆ ನೆಟ್ಟಗೆ ಕೂರಿಸಿ, ತಾಯಿಯ ಹಳೇ ಸೀರೆಯಿಂದ ತನ್ನ ಸೊಂಟಕ್ಕೆ ಬಿಗಿದುಕೊಂಡ. ತನ್ನ ಹೆಂಡತಿಯನ್ನು ತವರಿಗೆ ಕರೆದೊಯ್ಯುವವನ ಹಾಗೆ ನಮ್ಮ ಮುಂದೆ ಹೊರಟ. ಬೇಗೂರಿನವರೆಗೂ ರಸ್ತೆಯ ಪ್ರತಿ ಉಬ್ಬಿನಲ್ಲಿ ಬೈಕು ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಕೈ ಎತ್ತಿ, ನಮ್ಮ ಗಾಡಿಯನ್ನು ಮೆಲ್ಲಗೆ ದಾಟಿಸಿದ.