ಮೆದುಳಿನ ಗಡಿಯಾರದವರಿಗೆ, ಮೊದಲ ಸಾಲಿನಲ್ಲಿ ನಿದ್ದೆ ಹೋದವನಿಂದ

ಮಾನ್ಯ ಗಡಿಯಾರದವರೇ,

ಕಣ್ಣುಗಳ ಹಿಂದೆ, ಮೆದುಳಿನ ತಳದಲ್ಲಿ, ಅಕ್ಕಿಕಾಳಿಗಿಂತ ಚಿಕ್ಕ ಜಾಗದಲ್ಲಿ ಕುಳಿತು ನನ್ನ ನಿದ್ದೆ, ಹಸಿವು, ಮೈಬಿಸಿಯನ್ನೆಲ್ಲ ಒಂದು ದಿನವೂ ರಜೆ ಹಾಕದೆ ನೋಡಿಕೊಳ್ಳುತ್ತಿರುವ ತಮಗೆ, ಬೇಕರಿಯಲ್ಲಿ ಬ್ರೆಡ್ ಬೇಯಿಸುವ ಈ ಬಡಪಾಯಿಯ ನಮಸ್ಕಾರಗಳು. ನನ್ನ ಕೈಗಡಿಯಾರ ಆಗಾಗ ನಿಲ್ಲುತ್ತದೆ. ತಾವು ನಿಂತದ್ದೇ ಇಲ್ಲ. ಅದೇ ನನ್ನ ದೂರು.

ನಸುಕಿನಲ್ಲಿ ಹಿಟ್ಟು ನಾದುವ ಕೆಲಸ ನನ್ನದಾದ್ದರಿಂದ ತಾವು ಕೋಳಿಗಿಂತ ಮೊದಲು ಎಬ್ಬಿಸುವುದು ಸರಿಯೇ; ಆದರೆ ರಜೆಯ ದಿನವೂ ಎಬ್ಬಿಸಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಡಿಯ ಶಟರ್ ಎಳೆದಂತೆ ಕಣ್ಣು ಮುಚ್ಚಿಸುವ ತಮ್ಮ ಶಿಸ್ತಿನಿಂದಾಗಿ, ನಾಟಕ ಆಡುವ ನನ್ನ ಮಗಳನ್ನು ನಾನು ರಂಗದ ಮೇಲೆ ಇದುವರೆಗೂ ಪೂರ್ತಿ ನೋಡಿಲ್ಲ. ಕಳೆದ ಸಲ ಅವಳು ರಾಣಿಯಾಗಿ ಪ್ರಾಣ ಬಿಡುತ್ತಿದ್ದಾಗ ನನ್ನ ಗೊರಕೆ ಕೇಳಿ ಸಭೆಯೆಲ್ಲ ನಕ್ಕಿತಂತೆ, ಸಾಯುತ್ತಿದ್ದ ರಾಣಿಗೂ ನಗು ತಡೆಯಲಾಗಲಿಲ್ಲವಂತೆ. ನನ್ನ ಹೆಂಡತಿ ಮಾತ್ರ ನಗಲಿಲ್ಲ. ನನಗೂ ನಿಜವಾಗಿ ಬೇಸರವಾಯಿತು.

ತಾವು ಬೆಳಕು ನೋಡಿ ಹೊತ್ತು ಹೊಂದಿಸಿಕೊಳ್ಳುತ್ತೀರೆಂದು ಡಾಕ್ಟರಾಗಿರುವ ಭಾವಮೈದುನ ಹೇಳಿದ್ದರಿಂದ, ತಮಗೆ ಚಳ್ಳೆಹಣ್ಣು ತಿನ್ನಿಸೋಣವೆಂದು ಬೆಳಗ್ಗೆಯೆಲ್ಲ ಕಪ್ಪು ಕನ್ನಡಕ ಹಾಕಿಕೊಂಡೇ ಓವನ್ ಮುಂದೆ ನಿಂತೆ. ಬ್ರೆಡ್ ಬೆಂದಿದೆಯೋ ಇಲ್ಲವೋ ಎಂದು ಮೇಲಿನ ಬಣ್ಣ ನೋಡಿಯೇ ಹೇಳುವವನು ನಾನು. ಕನ್ನಡಕದೊಳಗಿಂದ ಎಲ್ಲವೂ ಹದವಾಗಿ ಕೆಂಪಾದಂತೆ ಕಂಡು, ಹಸಿಹಿಟ್ಟನ್ನೇ ಮಾರಾಟಕ್ಕೆ ಕಳಿಸಿದೆ. ಗಿರಾಕಿಗಳಿಂದ ಸರಿಯಾಗಿ ಮಂಗಳಾರತಿಯಾಯಿತು, ತಾವು ಮಾತ್ರ ಜಗ್ಗಲಿಲ್ಲ.

ಇಂಥ ಕರ್ತವ್ಯನಿಷ್ಠರಲ್ಲಿ ನನ್ನ ವಿನಂತಿ ಇಷ್ಟೇ. ಈ ಶನಿವಾರದ ನಾಟಕದ ಮಟ್ಟಿಗೆ ಸೂರ್ಯನೊಡನೆ ಮಾತಾಡಿ ಮುಳುಗುವುದನ್ನು ಕೊಂಚ ಮುಂದೂಡಿಸಬೇಕು. ಅದಾಗದಿದ್ದರೆ ನನ್ನ ತಲೆಯಿಂದ ಇಳಿದು, ನಾಟಕ ಮುಗಿಯುವವರೆಗೆ ಹೊರಗೆ ಸೈಕಲ್ಲುಗಳ ಪಕ್ಕದಲ್ಲಿ ಕಾಯುತ್ತಿರಬೇಕು. ದೀಪದ ಬೆಳಕು ಬೀಳದ ಜಾಗವನ್ನೇ ತೋರಿಸುತ್ತೇನೆ.

ಎಬ್ಬಿಸಿದಾಗ ಏಳುವ, ಮಲಗಿಸಿದಲ್ಲಿ ಮಲಗುವ
ತಮ್ಮ ವಿಶ್ವಾಸಿ,
ಬ್ರೆಡ್ ಬೇಯಿಸುವವನು

ವಿ.ಸೂ.: ಪತ್ರ ಕಳಿಸುವ ಮುನ್ನವೇ ಮಗಳು, "ಬಿಡಪ್ಪ, ನೀನು ಎಚ್ಚರ ಇರೋ ಹೊತ್ತಿಗೆ ನಾನೇ ಬರ್ತೀನಿ" ಎಂದು ನಸುಕಿನಲ್ಲಿ ಬೇಕರಿಗೆ ಬಂದು, ನನ್ನೊಬ್ಬನಿಗಾಗಿ ನಾಟಕ ಶುರುಮಾಡಿದಳು. ನಾನು ರೆಪ್ಪೆ ಮಿಟುಕಿಸದೆ ನೋಡಿದೆ. ಆದರೆ ಹರೆಯದವರ ತಲೆಯಲ್ಲಿ ತಮ್ಮ ಇಲಾಖೆಯವರು ತಡವಾಗಿ ಬಾಗಿಲು ತೆರೆಯುತ್ತಾರಂತೆ. ಎರಡನೆಯ ದೃಶ್ಯದಲ್ಲೇ ರಾಣಿ ಮೈದಾ ಮೂಟೆಗೆ ಒರಗಿ ನಿದ್ದೆ ಹೋದಳು. ಉಳಿದ ನಾಟಕಕ್ಕೆ ತಾವೂ ಅವಳ ತಲೆಯೊಳಗಿನ ತಮ್ಮ ಸಹೋದ್ಯೋಗಿಯೂ ಕೂತು ಒಂದು ಹೊತ್ತು ಗೊತ್ತುಮಾಡಿ. ಅಪ್ಪ ಮಗಳು ನಾವಂತೂ ಆಗಲೇ ರಾಜಿಯಾಗಿದ್ದೇವೆ.