ಮೆಣಸಿನಕಾಯಿ ತೆಗೆದರೆ ಮಳೆ

ಮಳೆ ಬಂದರೂ ಬೈಗುಳ ನನಗೆ, ಬರದಿದ್ದರೂ ನನಗೆ. ಶಹಾಪುರದ ಕಚೇರಿಯಲ್ಲಿ ಕೂತು ರೈತರ ಮೊಬೈಲಿಗೆ ಹವಾಮಾನದ ಸಂದೇಶ ಕಳಿಸುವುದು ನನ್ನ ಕೆಲಸ. ಮನೆ ಸಗರದಲ್ಲಿ. ಇಷ್ಟು ವರ್ಷವಾದರೂ ಆ ಊರಲ್ಲಿ ನನ್ನ ಮಾತು ನಂಬಿ ಒಬ್ಬರೂ ಕೊಡೆ ಹಿಡಿದದ್ದಿಲ್ಲ. ಅವರನ್ನು ದೂರುವಂತೆಯೂ ಇಲ್ಲ, ನನ್ನ ನಸೀಬೇ ಹಾಗಿದೆ.

ಅಜ್ಜಿಯ ಕಾವಲು

ಕೊಂಕಲ್‌ನಲ್ಲಿ ಒಬ್ಬ ಅಜ್ಜಿಯ ಮನೆ ಮುಂದಿನ ಬಯಲಲ್ಲಿ ಮಳೆ ಅಳೆಯುವ ಡಬ್ಬಿ ನಿಲ್ಲಿಸಿದ್ದೆವು. "ಯವ್ವಾ, ಸರ್ಕಾರದ್ದದ, ಸ್ವಲ್ಪ ಜ್ವಾಕಿ" ಎಂದು ನಾನೇ ಹೇಳಿ ಬಂದಿದ್ದೆ.

ಮುಂದಿನ ವಾರ ಜೋರು ಮಳೆ. ಮರುದಿನ ಹೋದರೆ ಹಳ್ಳ ತುಂಬಿ ಹರಿಯುತ್ತಿದೆ, ಕೆಸರಿನಲ್ಲಿ ನನ್ನ ಒಂದು ಚಪ್ಪಲಿ ಹೋಯಿತು, ಡಬ್ಬಿಯೊಳಗೆ ಮಾತ್ರ ತೊಟ್ಟು ನೀರಿಲ್ಲ. ಅದರ ಬಾಯಿಗೆ ರೊಟ್ಟಿ ಹಂಚು ಮುಚ್ಚಿ ಮೇಲೊಂದು ಕಲ್ಲು ಹೇರಲಾಗಿತ್ತು.

"ಮೋಡ ಕಂಡ ಕೂಡ್ಲೆ ಮುಚ್ಚೀನ್ರಿ ಸಾಹೇಬ್ರ," ಎಂದಳು ಅಜ್ಜಿ. "ಒಂದು ಹನೀನೂ ಒಳಗ ಬೀಳಗೊಟ್ಟಿಲ್ಲ."

ಬೆನ್ನು ಹತ್ತಿದ್ದು ಯಾರು

ಮೇಲಿನವರಿಗೆ ಒಮ್ಮೆ ಗುಡುಗುಮೋಡದ ಫೋಟೊ ಬೇಕಾಯಿತು. ಕಚೇರಿಯ ಡ್ರೈವರ್ ಭಾಯಿಯ ಬೈಕಿನಲ್ಲಿ ಹಿಂದೆ ಕೂತು ವಡಗೇರಾ ಕಡೆ ಹೊರಟೆ. ಮೋಡ ಕಂಡಿತು. "ಇನ್ನೂ ಹತ್ರ ನಡಿ ಭಾಯಿ" ಎಂದೆ.

"ಸಾಬ್, ನನಗ ಹೆಂಡ್ರು ಮಕ್ಕಳು ಅದಾರ್ರಿ" ಎಂದು ಆತ ಬೈಕು ತಿರುಗಿಸಿದ.

ಫೋಟೊದಲ್ಲಿ ನನ್ನ ಹೆಬ್ಬೆರಳು ಮಾತ್ರ ಬಂತು. ಆಲಿಕಲ್ಲಿನ ಏಟು ತಿನ್ನುತ್ತ ಒಂದು ಚಹಾದ ಅಂಗಡಿಗೆ ನುಗ್ಗಿದೆವು. ಎಲ್ಲಿಗೆ ಹೋಗಿದ್ದಿರಿ ಎಂದು ಅಂಗಡಿಯವ ಕೇಳಿದ. ಮೋಡದ ಬೆನ್ನು ಹತ್ತಿದ್ದೆವು ಎಂದೆ.

ಆತ ಚಹಾ ಸೋಸುತ್ತ, "ನೀವು ಓಡೂದು ನೋಡಿದ್ರ ಅದೇ ನಿಮ್ಮ ಬೆನ್ನು ಹತ್ತಿದಂಗಿತ್ತಲ್ರಿ" ಎಂದ. ಆ ಸಂಜೆ ನಾನು ಮನೆ ಮುಟ್ಟುವ ಮೊದಲೇ ಈ ಮಾತು ಸಗರ ಮುಟ್ಟಿತ್ತು.

ಕಾಕಾನ ಕಣ

ನಮ್ಮ ಪಕ್ಕದ ಮನೆಯ ಕಾಕಾ ಹಳೆಯ ರೈತ. ಆ ಸಲ ಅವರ ವರ್ಷದ ದುಡಿಮೆಯೆಲ್ಲ ಮೆಣಸಿನಕಾಯಿಯಾಗಿ ಕಣದಲ್ಲಿ ಒಣಗುತ್ತಿತ್ತು. ಒಮ್ಮೆ ನೆನೆದರೆ ಕಪ್ಪಾಗಿ ಯಾರೂ ಮೂಸುವುದಿಲ್ಲ. ಮಧ್ಯಾಹ್ನ ಕಂಪ್ಯೂಟರಿನಲ್ಲಿ ನೋಡಿದರೆ ದೊಡ್ಡ ಮೋಡವೊಂದು ನಮ್ಮೂರಿನ ಕಡೆಗೇ ಬರುತ್ತಿದೆ. ಸಂದೇಶ ಕಳಿಸಿದೆ. ಕಾಕಾಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಜೀವ ತಡೆಯಲಿಲ್ಲ, ಬೈಕು ಹತ್ತಿ ಸಗರಕ್ಕೆ ಓಡಿದೆ.

ಕಾಕಾ ಕಟ್ಟೆಯ ಮೇಲೆ ಆರಾಮಾಗಿ ಅಡಿಕೆ ಕತ್ತರಿಸುತ್ತ ಕೂತಿದ್ದರು.

"ಕಾಕಾ, ಮಳಿ ಬರಾಕತ್ತದ, ತಾಡಪತ್ರಿ ಮುಚ್ರಿ."

"ನೋಡೇನಿ ನಿನ್ನ ಮೆಸೇಜು," ಎನ್ನುತ್ತ ನಮ್ಮ ಮಾಳಿಗೆ ತೋರಿಸಿದರು. "ನಿನ್ನ ಹೆಂಡ್ತೀನೇ ಇನ್ನಾ ಮೆಣಸಿನಕಾಯಿ ತಗದಿಲ್ಲ. ಆಕಿ ತಗೀಲಿ, ಆಮ್ಯಾಲ ನೋಡೂಣು."

ಮಾಳಿಗೆ ಹತ್ತಿದೆ. ಹೆಂಡತಿ ಚಾದರಿನ ಮೇಲೆ ಹರವಿದ ಕಾಯಿಗಳನ್ನು ನಿಧಾನಕ್ಕೆ ಮಗುಚುತ್ತಿದ್ದಳು. ಲಗೂನ ತೆಗಿ ಎಂದೆ.

"ಸುಮ್ಮಿರ್ರಿ. ಕಾಕಾರ ಕಣ ಇನ್ನಾ ಹಂಗೇ ಅದ. ಮಳಿ ವಿಷಯದಾಗ ಅವರ ಅಂದಾಜು ತಪ್ಪಂಗಿಲ್ಲ. ಅವರು ಮುಚ್ಚಿದ ಮ್ಯಾಲ ತಗೀತೇನಿ."

ವಾದಕ್ಕೆ ನಿಂತರೆ ಮಳೆ ಗೆಲ್ಲುತ್ತಿತ್ತು. ಚಾದರಿನ ನಾಲ್ಕೂ ಮೂಲೆ ಹಿಡಿದು ಗಂಟು ಕಟ್ಟಿ ಹೊತ್ತುಬಿಟ್ಟೆ. ಆಕೆ ಕೂಗಿಕೊಂಡಳು. ಆ ಕೂಗಿಗೆ ಕಾಕಾ ತಲೆ ಎತ್ತಿ ನೋಡಿದರು, ಅಡಿಕೆ ಬಿಟ್ಟು ಎದ್ದರು, ಮನೆಮಂದಿಯನ್ನೆಲ್ಲ ಕರೆದು ತಾಡಪತ್ರಿ ಎಳೆದರು. ನಾನೂ ಇಳಿದು ಕೈ ಹಚ್ಚಿದೆ. ಕೊನೆಯ ಕಲ್ಲು ಹೇರುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ಬೆಳೆ ಉಳಿಯಿತು. ನನಗೆ ಕಣ್ಣಲ್ಲಿ ನೀರೇ ಬಂತು, ಸ್ವಲ್ಪ ಮೆಣಸಿನ ಘಾಟೂ ಇತ್ತು. ಇನ್ನಾದರೂ ಊರು ನನ್ನನ್ನು ನಂಬುತ್ತದೆ ಎಂದುಕೊಂಡೆ.

ಮರುದಿನವೇ ಸಗರದ ರೈತನೊಬ್ಬನ ಫೋನು ಬಂತು. "ಸಾಹೇಬ್ರ, ಇವತ್ತು ಮಳಿ ಬರ್ತದೇನ್ರಿ?" ಊರಿನಿಂದ ಯಾರೂ ಎಂದೂ ಹಾಗೆ ಕೇಳಿದ್ದಿಲ್ಲ. ನಾನು ಉಬ್ಬಿಹೋಗಿ ಗಾಳಿ, ತೇವಾಂಶ, ಮೋಡದ ದಿಕ್ಕು ಎಲ್ಲ ವಿವರಿಸತೊಡಗಿದೆ. ಆತ ನಡುವೆಯೇ ತಡೆದ.

"ಅದೆಲ್ಲಾ ಇರ್ಲಿ ಬಿಡ್ರಿ. ನಿಮ್ಮ ಮನ್ಯಾಗ ಅಕ್ಕೋರು ಮೆಣಸಿನಕಾಯಿ ತಗದಾರೇನು, ಅಷ್ಟ ಹೇಳ್ರಿ."